ಹದಿನೇಳರ ಮಗ್ಗಿ

ಚೀಲದಕ್ಕನ ಕಿವಿಯೊಳಗೆ ಒಬ್ಬ ಯಜಮಾನ ಬೀಡುಬಿಟ್ಟಿದ್ದಾನೆ. ಬಾಡಿಗೆ ಕೊಡುವುದಿಲ್ಲ, ಖಾಲಿ ಮಾಡು ಎಂದರೆ ಮಾಡುವುದಿಲ್ಲ. ‘ನೀನು ದಂಡ, ನಿನ್ನ ಹೊಲಿಗೆ ದಂಡ, ಬೀದಿಯೆಲ್ಲ ನಿನ್ನ ನೋಡಿ ನಗ್ತಿದೆ’ ಎಂದು ಬೈಯುವುದೇ ಅವನ ಕಸುಬು. ಬೇರೆ ಯಾರಿಗೂ ಕೇಳಿಸದ ಈ ದನಿ ಅವಳಿಗೆ ಹರೆಯದಿಂದಲೂ ಕೇಳಿಸುತ್ತಿದೆ, ಈಗ ತಲೆ ಅರ್ಧ ಬೆಳ್ಳಗಾಗಿದೆ. ಅಷ್ಟು ಕಾಲ ಜೊತೆಗಿದ್ದವನ ಹತ್ತಿರ ದಿನಾ ಜಗಳ ಆಡುತ್ತ ಕೂತರೆ ಹೊಟ್ಟೆ ತುಂಬೀತೇ? ಅದಕ್ಕೇ ಅವಳು ಅವನಿಗೊಂದು ಹೊತ್ತು ಗೊತ್ತುಮಾಡಿದ್ದಾಳೆ. ಸಂಜೆ ಆರಕ್ಕೆ ಅಂಗಡಿಯ ಬಾಗಿಲು ಎಳೆದು, ಸ್ಟೂಲಿನ ಮೇಲೆ ಕೂತು, ‘ಹೇಳಪ್ಪ, ಇವತ್ತೇನು ನಿನ್ನ ಗೋಳು?’ ಎನ್ನುತ್ತಾಳೆ. ಕಾಲು ಗಂಟೆ ಅವನು ಬೈಯಬಹುದು, ಅವಳು ಉತ್ತರ ಕೊಡಬಹುದು. ನಡುವೆ ಬಂದನೋ, ಮೆಷಿನ್ನಿನ ಪೆಡಲಿನಿಂದ ಕಾಲು ತೆಗೆಯದೆ ‘ಆರಕ್ಕೆ ಬಾ’ ಎಂದುಬಿಡುತ್ತಾಳೆ. ಒಮ್ಮೆ ಎದುರಿಗೆ ನಿಂತಿದ್ದ ಗಿರಾಕಿಯೊಬ್ಬರು ಅದು ತಮಗೇ ಹೇಳಿದ್ದೆಂದು ಹೊರಟುಹೋಗಿ, ಪಾಪ, ಸರಿಯಾಗಿ ಆರಕ್ಕೆ ಬಂದು ಬಾಗಿಲು ತಟ್ಟಿದ್ದರು.

ಮಾತ್ರೆಯನ್ನೂ ತಪ್ಪದೆ ನುಂಗುತ್ತಾಳೆ. ‘ಮಾತ್ರೆ ಅವನ ಗಂಟಲು ತಗ್ಗಿಸುತ್ತೆ, ಮರ್ಯಾದೆ ಕಲಿಸೋದು ಮಾತ್ರ ನನ್ನ ಕೆಲಸ’ ಎಂಬುದು ಅವಳ ಮಾತು.

ಅವಳು ಹೊಲಿಯುವುದು ಚೀಲ. ಸಂತೆಯ ಚೀಲ, ಎಲೆಕ್ಟ್ರಿಷಿಯನ್ನರು ಇಕ್ಕಳ ತುಂಬಿಕೊಳ್ಳುವ ದಪ್ಪ ಕ್ಯಾನ್ವಾಸಿನ ಚೀಲ, ಜಿಪ್ಪು ಕಿತ್ತುಹೋದ ಶಾಲಾ ಮಕ್ಕಳ ಚೀಲ. ಹಿಡಿ ಸೇರುವ ಕಡೆ ಚೌಕ ಹೊಲಿದು ಅದರೊಳಗೆ ಅಡ್ಡಡ್ಡ ಎರಡು ಗೆರೆ ಎಳೆಯದಿದ್ದರೆ ಅದು ಅವಳ ಚೀಲವೇ ಅಲ್ಲ. ಎಲ್ಲಿ ತಪ್ಪು ಕಂಡರೂ, ಕೇಳಿದರೂ ಬಾಯಿ ಮುಚ್ಚಿಕೊಂಡಿರುವ ಜಾಯಮಾನ ಅವಳದಲ್ಲ. ಚಿಕ್ಕವಳಿದ್ದಾಗ ಹೊಸಿಲ ಮೇಲೆ ಕೂತು, ಒಳಗೆ ಅಣ್ಣ ಓದಿಕೊಳ್ಳುತ್ತಿದ್ದುದನ್ನು ಹೊರಗಿನಿಂದಲೇ ತಿದ್ದುತ್ತಿದ್ದವಳು. ಇಂಥವಳು ಸಮ್ಮೇಳನಗಳಿಗೆ ಹೋಗತೊಡಗಿದರೆ ಏನಾಗಬೇಕು?

ಆಗಿದ್ದು ಇಷ್ಟು. ಆಸ್ಪತ್ರೆಯಲ್ಲಿ ಅವಳನ್ನು ನೋಡಿಕೊಂಡಿದ್ದ ನರ್ಸ್ ಒಬ್ಬರು, ಎಲ್ಲರ ಬಾಯಲ್ಲೂ ಬರಿಯ ಸಿಸ್ಟರ್, ನಿವೃತ್ತರಾದ ಮೇಲೆ ಅವಳನ್ನೊಂದು ಸಭೆಗೆ ಕರೆದುಕೊಂಡು ಹೋದರು. ಅಲ್ಲಿ ಕುರ್ಚಿಗಳನ್ನು ದುಂಡಗೆ ಹಾಕಿಕೊಂಡು ಕೂತವರೆಲ್ಲ ಅವಳ ಹಾಗೆ ದನಿ ಕೇಳುವವರೇ. ಒಬ್ಬ ಅಂಚೆಯವನು, ಒಬ್ಬಳು ಕಾಲೇಜಿನ ಹುಡುಗಿ, ಒಬ್ಬ ಅಡುಗೆ ಭಟ್ಟ. ‘ನನ್ನ ಕಿವಿಯಲ್ಲಿ ಮೂವರಿದ್ದಾರೆ’ ಎಂದು ಒಬ್ಬ ಹೇಳಿದರೆ, ‘ನನ್ನ ಹತ್ರ ಒಬ್ಬನೇ, ಆದರೆ ಮೂವರ ಕೆಲಸ ಮಾಡ್ತಾನೆ’ ಎಂದಳು ಚೀಲದಕ್ಕ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆ ನಗು ಅವಳಿಗೆ ಹಿಡಿಸಿತು. ಅಲ್ಲಿಂದ ಇಂಥವರ ಸಮ್ಮೇಳನಗಳಿಗೆ ಊರೂರು ಹೋಗುವುದು ಶುರುವಾಯಿತು.

ಸಮ್ಮೇಳನದ ಬಾಗಿಲಲ್ಲೇ ಕೈಗೊಂದು ಬಟ್ಟೆಯ ಚೀಲ ಕೊಡುತ್ತಾರೆ, ಮೇಲೆ ‘ಚೇತರಿಕೆ ಸಾಧ್ಯ’ ಎಂದು ಅಚ್ಚು. ಹಿಡಿಗೆ ಮಾತ್ರ ಒಂದೇ ಹೊಲಿಗೆ. ‘ಚೇತರಿಕೆ ಸಾಧ್ಯ ಸಾರ್, ಈ ಚೀಲ ಮಾತ್ರ ಉಳಿಯೋದು ಅಸಾಧ್ಯ’ ಎಂದು ಅವಳು ದೊಡ್ಡ ದೊಡ್ಡ ಡಾಕ್ಟರರಿಗೇ ಹೇಳಿದ್ದಾಳೆ. ಚೀಲದಕ್ಕ ಎಂಬ ಹೆಸರು ಬಿದ್ದದ್ದು ಅಲ್ಲೇ. ಈಗ ಎರಡು ಸಮ್ಮೇಳನದವರು ಚೀಲಗಳನ್ನು ಅವಳ ಹತ್ತಿರವೇ ಹೊಲಿಸುತ್ತಾರೆ.

ವೇದಿಕೆಯ ಮೇಲೆ ಅವಳು ಹೇಳುವುದು ತನ್ನದೇ ಕತೆ. ದನಿಗಳು ಮೊದಲು ಶುರುವಾದಾಗ ಒಂದು ದಿನ ದೊಡ್ಡ ರಸ್ತೆಯ ನಡುವೆ ಹೋಗಿ ನಿಂತದ್ದು, ಲಾರಿ ಕೂದಲೆಳೆಯಲ್ಲಿ ತಪ್ಪಿದ್ದು, ಆಮೇಲೆ ಅಣ್ಣ ಅವಳನ್ನು ಹಿಂದಿನ ಕೋಣೆಗೆ ಹಾಕಿ ಹೊರಗಿನಿಂದ ಬೀಗ ಜಡಿದದ್ದು. ಇಲ್ಲಿ ಒಂದು ಗುಟುಕು ನೀರು ಕುಡಿಯುತ್ತಾಳೆ, ಸಭೆ ಮೂಗು ಒರೆಸಿಕೊಳ್ಳುತ್ತದೆ. ಆಮೇಲೆ ಬರುವುದು ಮಗ್ಗಿ. ಆ ಕೋಣೆಯಲ್ಲಿ ಅವಳಿಗೆ ಗೋಡೆ, ನಲ್ಲಿ, ಫ್ಯಾನು ಎಲ್ಲವೂ ಬೈಯುತ್ತಿದ್ದವಂತೆ. ಅವುಗಳ ನಡುವೆ ದಿನಾ ಮಧ್ಯಾಹ್ನ ಮೆಲ್ಲಗೆ ಒಂದು ದನಿ ಬರುತ್ತಿತ್ತು. ಅದು ಬೈಯುತ್ತಿರಲಿಲ್ಲ. ಹದಿನೇಳರ ಮಗ್ಗಿ ಹೇಳುತ್ತಿತ್ತು, ನಾಲ್ಕನೇ ಸಾಲಿಗೆ ಬಂದಾಗಲೆಲ್ಲ ತಪ್ಪುತ್ತಿತ್ತು. ಕೇಳಿ ಕೇಳಿ ಸಾಕಾಗಿ ಒಂದು ದಿನ ಅವಳು ಅದನ್ನು ತಿದ್ದಿದಳು. ವಾರಗಟ್ಟಲೆ ತುಟಿ ಎರಡು ಮಾಡದಿದ್ದವಳು ಆಡಿದ ಮೊದಲ ಮಾತು ಅದು. ಮಾರನೆಯ ದಿನವೂ ತಿದ್ದಿದಳು, ಅದರ ಮಾರನೆಯ ದಿನ ಗದರಿದಳು. ಕೆಲವು ದಿನಕ್ಕೆ ಬೀಗ ತೆರೆಯಿತು, ಆಸ್ಪತ್ರೆಗೆ ಹೋದದ್ದಾಯಿತು, ಆ ದನಿ ಮತ್ತೆ ಬರಲೇ ಇಲ್ಲ. ‘ದನಿಗೆ ಉತ್ತರ ಕೊಡಬಹುದು ಅಂತ ನಾನು ಕಲಿತದ್ದು ಹಾಗೆ’ ಎಂದು ಅವಳು ಮುಗಿಸುತ್ತಾಳೆ. ಡಾಕ್ಟರೊಬ್ಬರು ಇದನ್ನು ಕೇಳಿ, ‘ನಿಮ್ಮ ಚೇತರಿಕೆಯ ಅಡಿಗಲ್ಲೇ ಅದು’ ಎಂದಿದ್ದರು.

ಹೀಗೆ ಎಲ್ಲ ಚೆನ್ನಾಗಿ ನಡೆದಿರುವಾಗ, ಮುಂದಿನ ಸಮ್ಮೇಳನಕ್ಕೆ ಒಂದು ವಾರ ಇದೆ ಎನ್ನುವಾಗ, ಪ್ರತಿ ಸಲ ಜೊತೆಗೆ ಬರುತ್ತಿದ್ದ ಸಿಸ್ಟರ್ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಸುದ್ದಿ ಕೇಳಿ ಅಣ್ಣ ಅಂಗಡಿಗೆ ಬಂದ.

‘ಅದಕ್ಕೇನಂತೆ, ನಾನೇ ಬರ್ತೀನಿ ಬಿಡು!’

ಅಣ್ಣ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವನು. ಬೆಳಗಿನ ಜಾವದಿಂದ ಮಧ್ಯಾಹ್ನದವರೆಗೆ ಮೂಟೆಗಳ ಮೇಲೆ ನಿಂತು ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಮೂರು ಮನೆಯಾಚೆಯವರು ಉಪ್ಪಿನ ಡಬ್ಬಿ ಹುಡುಕುವಂಥ ಗಂಟಲು. ಲೆಕ್ಕವೆಲ್ಲ ನಾಲಿಗೆಯ ತುದಿಯಲ್ಲೇ. ತಂಗಿ ಎಂದರೆ ಜೀವ ಬಿಡುತ್ತಾನೆ. ಅಂಗಡಿ ಇಟ್ಟುಕೊಟ್ಟವನು ಅವನೇ. ಆದರೆ ಆ ಹಿಂದಿನ ಕೋಣೆಯ ಮಾತನ್ನು ಅಣ್ಣ ತಂಗಿ ಇಬ್ಬರೂ ಅವತ್ತಿನಿಂದ ಇವತ್ತಿನವರೆಗೆ ಒಂದು ಸಲವೂ ಎತ್ತಿಲ್ಲ. ಅಲ್ಲೀಗ ಅತ್ತಿಗೆ ಹಳೆಯ ಹಾಸಿಗೆ ಒಟ್ಟಿದ್ದಾಳೆ. ಸಮ್ಮೇಳನದಲ್ಲಿ ತಂಗಿ ಏನು ಹೇಳುತ್ತಾಳೆ ಎಂಬುದು ಅಣ್ಣನಿಗೆ ಗೊತ್ತಿಲ್ಲ. ಊರೂರಿನಲ್ಲಿ ತಾನು ಬೀಗ ಹಾಕಿದ ಅಣ್ಣನೆಂದೇ ಹೆಸರುವಾಸಿ ಎಂಬುದಂತೂ ಕನಸಿನಲ್ಲೂ ಗೊತ್ತಿಲ್ಲ.

ಬೇಡ ಎನ್ನಲು ಅವಳಿಗೊಂದು ನೆಪ ಸಿಗಲಿಲ್ಲ. ರೈಲಿನಲ್ಲಿ ಅಣ್ಣ ಎದುರು ಸೀಟಿನವರಿಗೆಲ್ಲ ಅವಳನ್ನು ತೋರಿಸಿ, ‘ನಮ್ಮ ತಂಗಿ! ಭಾಷಣಕ್ಕೆ ಕರೆದಿದ್ದಾರೆ! ಕಾಯಿಲೆ ಬಂದಾಗ ಹೂವಿನ ಹಾಗೆ ನೋಡ್ಕೊಂಡ್ವಿ!’ ಎಂದು ಇಡೀ ಬೋಗಿಗೆ ಸಾರಿದ. ಚೀಲದಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

‘ಅಣ್ಣ, ಅಲ್ಲಿ ನಾನು ಹಳೇದೆಲ್ಲ ಹೇಳ್ತೀನಿ’ ಎಂದಳು.

‘ಹೇಳು, ಧಾರಾಳವಾಗಿ ಹೇಳು! ಹಳೇದಲ್ದೆ ಹೊಸದೇನಿದೆ ನಮ್ಮ ಹತ್ರ?’

ಆರು ಗಂಟೆಗೆ ಯಜಮಾನ ರೈಲಿಗೂ ಬಂದ. ‘ಮಂಡಿಯವನ ಮಾನ ನಾಳೆ ಹರಾಜು’ ಎಂದ. ‘ಅವನೂ ಕೈ ಬಿಟ್ಟರೆ ನಿನಗ್ಯಾರಿದ್ದಾರೆ?’ ಅವನು ಹೇಳಿದ್ದು ನಿಜವೇ ಆಗಿತ್ತು. ಬೀಗದ ಮಾತು ಆಡಿದರೆ ಅಣ್ಣ ಕೈಬಿಟ್ಟು ಹೋಗುತ್ತಾನೆ, ಬಿಟ್ಟರೆ ತಾನು ಆಡುವುದೆಲ್ಲ ಅರ್ಧ ಸುಳ್ಳು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ‘ಮನೆಯವರು ಸ್ವಲ್ಪ ಕಟ್ಟುನಿಟ್ಟು ಮಾಡಿದರು’ ಎಂದುಬಿಡಲೇ ಎಂದು ಯೋಚಿಸಿದಳು. ಹೋಟೆಲಿನ ಕೋಣೆಯಲ್ಲಿ ಆ ಮಾತನ್ನು ಕನ್ನಡಿಯ ಮುಂದೆ ಹೇಳಿಯೂ ನೋಡಿದಳು. ಸುಮಾರಾಗಿ ಬಂತು.

ಮಾರನೆಯ ದಿನ ಸಭೆ ತುಂಬಿತ್ತು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೊರಳಲ್ಲಿ ಸಮ್ಮೇಳನದವರು ಕೊಟ್ಟ ಹೆಸರಿನ ಬಿಲ್ಲೆ ನೇತುಹಾಕಿಕೊಂಡು, ಎರಡನೇ ಸಾಲಿನಲ್ಲಿ ಮದುಮಗನ ಹಾಗೆ ಕೂತಿದ್ದ. ಚೀಲದಕ್ಕ ಮೈಕಿನ ಮುಂದೆ ನಿಂತು ನೋಡಿದಳು. ಅಣ್ಣನ ಮುಂದಿನ ಸಾಲಿನಲ್ಲೇ ಒಬ್ಬ ತಾಯಿ, ಪಕ್ಕದಲ್ಲಿ ಇಪ್ಪತ್ತರ ಮಗಳು. ಮಗಳು ಎದ್ದುಹೋಗದಿರಲೆಂದು ತಾಯಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಹಿಡಿದ ಬೆರಳು ಬೆಳ್ಳಗಾಗಿದ್ದವು. ಅದನ್ನು ನೋಡಿದ ಮೇಲೆ ಚೀಲದಕ್ಕನಿಗೆ ಕನ್ನಡಿಯ ಮುಂದಿನ ಮಾತು ಬಾಯಿಗೆ ಬರಲಿಲ್ಲ.

‘ನಮ್ಮಣ್ಣ ನನ್ನ ಕೋಣೆಗೆ ಹಾಕಿ ಬೀಗ ಜಡಿದ’ ಎಂದು ಕಡ್ಡಿ ಮುರಿದ ಹಾಗೆ ಹೇಳಿದಳು. ‘ಹೆದರಿ ಹಾಕಿದ, ಲಾರಿ ಕೆಳಗೆ ಹೋಗ್ತೀನಿ ಅಂತ. ಆದ್ರೂ ಬೀಗ ಬೀಗವೇ.’

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಅಣ್ಣ ಕೊರಳಿನ ಬಿಲ್ಲೆಯನ್ನು ತಟ್ಟನೆ ತಿರುಗಿಸಿ ಹೆಸರು ಮುಚ್ಚಿಕೊಂಡ. ಅವಳು ಇವತ್ತು ನೀರು ಕುಡಿಯಲಿಲ್ಲ. ನಿಲ್ಲಿಸಿದರೆ ಮತ್ತೆ ಮಾತು ಹೊರಡದೆಂದು ಹೆದರಿ ಸೀದಾ ಮಗ್ಗಿಗೆ ಹೋದಳು. ‘ಹದಿನೇಳೊಂದ್ಲಿ ಹದಿನೇಳು, ಹದಿನೇಳೆರಡ್ಲಿ ಮೂವತ್ತನಾಲ್ಕು, ಹದಿನೇಳು ಮೂರ್ಲಿ ಐವತ್ತೊಂದು, ಹದಿನೇಳು ನಾಲ್ಕ್ಲಿ ಎಪ್ಪತ್ತು!’ ಸಭೆ ನಕ್ಕಿತು. ‘ಅರವತ್ತೆಂಟು ಕಣೋ ದಡ್ಡ, ಅಂದೆ ನಾನು.’

ಹಿಂದಿನ ಸಾಲಿನಿಂದ ಯಾರೋ ಕೇಳಿದರು: ‘ಆ ದನಿ ಮತ್ತೆ ಬರಲೇ ಇಲ್ವಾ?’

‘ಇಲ್ಲ. ಬಂದಿದ್ರೆ ಕುರ್ಚಿ ಹಾಕಿ ಕೂರಿಸ್ತಿದ್ದೆ. ನನಗೆ ಕೇಳಿದ ದನಿಗಳಲ್ಲೆಲ್ಲ ಒಳ್ಳೇದು ಅದೊಂದೇ.’

ಆಗ ಎರಡನೇ ಸಾಲಿನಲ್ಲಿ ಅಣ್ಣ ಎದ್ದು ನಿಂತ.

‘ಅದು ನಾನು ಕಣೇ!’

ಮಂಡಿಯ ಗಂಟಲು. ಮೈಕಿನವನು ಬೆಚ್ಚಿಬಿದ್ದು ಯಾವುದೋ ಗುಂಡಿ ತಿರುಗಿಸಿದ. ಚೀಲದಕ್ಕನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ನಂಬಿಕೆ ಬರಲಿಲ್ಲ.

‘ನೀನಾ? ನಿಂತ ಕಾಲಲ್ಲಿ ಮೂಟೆಗಳ ಲೆಕ್ಕ ಹಾಕೋನು ನೀನು. ಹದಿನೇಳರ ಮಗ್ಗಿ ತಪ್ತೀಯಾ?’

‘ಬೇಕಂತ್ಲೇ ತಪ್ಪಿದ್ದು! ಮೊದಮೊದಲು ಸರಿಯಾಗೇ ಹೇಳಿದೆ, ನೀನು ಉಸಿರೇ ಬಿಡ್ಲಿಲ್ಲ. ತಪ್ಪು ಹೇಳಿದ್ರೆ ಸುಮ್ನಿರೋಳಲ್ಲ ಅಂತ ನಂಗೊತ್ತಿಲ್ವಾ?’ ಅಣ್ಣ ಸಭೆಯ ಕಡೆ ತಿರುಗಿದ. ‘ಅವಳ ಜೊತೆ ಮಾತಾಡ್ಬೇಡಿ, ಮಾತಾಡಿದ್ರೆ ಹುಚ್ಚು ಜಾಸ್ತಿಯಾಗುತ್ತೆ ಅಂದಿದ್ರು ಆಗಿನ ಡಾಕ್ಟ್ರು. ಮಗ್ಗಿ ಮಾತಲ್ವಲ್ಲ ಅಂತ ನಾನು... ಮಧ್ಯಾಹ್ನ ಮಂಡಿ ಮುಗಿಸಿ ಬಂದು, ಮನೆಯವಳು ಒಂದ್ಗಳಿಗೆ ಮಲಗಿದ ಮೇಲೆ, ಬಾಗಿಲ ಸಂದಿಗೆ ಬಾಯಿ ಇಟ್ಟು ಹೇಳ್ತಿದ್ದೆ. ಇವಳಿಗೆ ಗೊತ್ತು ಅಂತ್ಲೇ ಅಂದ್ಕೊಂಡಿದ್ದೆ. ಇನ್ಯಾರು ಹೇಳ್ತಾರೆ?’

ಚೀಲದಕ್ಕ ಮೈಕಿನ ಕಂಬ ಹಿಡಿದುಕೊಂಡಳು. ಇದೇ ಸಮಯವೆಂದು ಯಜಮಾನ ಹೊತ್ತಲ್ಲದ ಹೊತ್ತಿನಲ್ಲಿ ಬಂದ. ‘ನೋಡಿದ್ಯಾ? ನಿನ್ನ ಅಡಿಗಲ್ಲೇ ಸುಳ್ಳು. ಇಷ್ಟು ವರ್ಷ ಊರೂರಲ್ಲಿ...’

‘ಆರಕ್ಕೆ ಬಾ’ ಎಂದಳು ಚೀಲದಕ್ಕ, ಮೈಕಿನಲ್ಲೇ. ಯಾರಿಗೆ ಹೇಳಿದ್ದೆಂದು ಅರ್ಧ ಸಭೆಗೆ ಗೊತ್ತಿತ್ತು. ಅವರೆಲ್ಲ ಚಪ್ಪಾಳೆ ತಟ್ಟಿದರು. ಆ ಸದ್ದಿಗೆ ಅವಳು ಕಂಬ ಬಿಟ್ಟು ನೆಟ್ಟಗೆ ನಿಂತಳು. ಸುಳ್ಳು ಹೇಗಾಗುತ್ತದೆ? ದನಿ ಯಾರದಾದರೇನು, ಉತ್ತರ ಕೊಟ್ಟದ್ದು ತಾನು.

‘ಬೀಗ ಹಾಕಿದ್ದೂ ನೀನೇ, ಮಗ್ಗಿ ಹೇಳಿದ್ದೂ ನೀನೇ’ ಎಂದಳು. ‘ಮಗ್ಗಿ ಹೇಳಿದೆ ಅಂತ ಬೀಗ ಸರಿ ಆಗಲ್ಲ. ಅದು ತಪ್ಪು ಅಣ್ಣ.’

ಅಣ್ಣ ತಲೆ ತಗ್ಗಿಸಿದ. ‘ತಪ್ಪೇ ಕಣಮ್ಮ’ ಎಂದ.

ಈ ಸಲ ಅವನು ಕೂಗಲಿಲ್ಲ. ದನಿ ತೀರ ಕೆಳಗೆ ಬಂದಿತ್ತು, ಮೂರನೇ ಸಾಲಿಗೂ ಕೇಳಿಸಿರಲಾರದು. ಅವಳಿಗೆ ಕೇಳಿಸಿತು. ಬಾಗಿಲ ಸಂದಿಯಿಂದ ಮಧ್ಯಾಹ್ನದ ಹೊತ್ತು ಬರುತ್ತಿದ್ದ ಅದೇ ದನಿ. ಇಷ್ಟು ವರ್ಷ ಗಟ್ಟಿಯಾಗಿ ಕೂಗುವವನ ಪಕ್ಕದಲ್ಲೇ ಬದುಕಿ, ಅವನ ಈ ದನಿಯ ಕತೆಯನ್ನೇ ಊರೂರಲ್ಲಿ ಹೇಳಿಕೊಂಡು ಬಂದಿದ್ದಳು. ಚೀಲದಕ್ಕ ವೇದಿಕೆಯ ಮೇಲೆಯೇ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಅತ್ತು ಮುಗಿಸಿ ಮೂಗೊರೆಸಿಕೊಂಡು ನೋಡಿದಾಗ, ಮುಂದಿನ ಸಾಲಿನ ತಾಯಿ ಮಗಳ ಮಣಿಕಟ್ಟನ್ನು ಬಿಟ್ಟಿದ್ದಳು. ಮಗಳು ಎದ್ದುಹೋಗದೆ ಅಲ್ಲೇ ಕೂತಿದ್ದಳು.

ವಾಪಸು ರೈಲಿನಲ್ಲಿ ಅಣ್ಣ ಕಿಟಕಿಯ ಪಕ್ಕ ಕೂತ. ಸಮ್ಮೇಳನದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಹಿಡಿಯನ್ನು ಎಳೆದೆಳೆದು ನೋಡುತ್ತಿದ್ದ. ಅದು ತಂಗಿಯೇ ಹೊಲಿದದ್ದು, ಜಪ್ಪಯ್ಯ ಎಂದರೂ ಕಿತ್ತುಬರಲಿಲ್ಲ.

‘ಮುಂದಿನ ಸಲ ಬೀಗದ ಮಾತು ಬಿಡ್ತೀಯಾ?’ ಎಂದು ಕೊನೆಗೂ ಕೇಳಿದ.

‘ಬಿಡಲ್ಲ.’

‘ಬಿಡ್ಬೇಡ ಬಿಡು’ ಎಂದು ನಿಟ್ಟುಸಿರಿಟ್ಟ.

‘ನೀನೂ ಬಾ. ಬೀಗದ್ದು ನಾನು ಹೇಳ್ತೀನಿ, ಮಗ್ಗಿದು ನೀನು ಹೇಳು.’

ಅಣ್ಣನ ಮುಖ ಅರಳಿತು. ಎದೆಯುಬ್ಬಿಸಿ ಕೂತ. ‘ಬರ್ತೀನಿ! ಅವರಿಗೆ ಹೇಳ್ಬಿಡು, ನನಗೆ ಮೈಕ್ ಗೀಕ್ ಏನೂ ಬೇಡ!’ ಎಂದು ಬೋಗಿಗೆಲ್ಲ ಕೇಳುವಂತೆ ಕೂಗಿದ.

‘ಬೇಕು’ ಎಂದಳು ಚೀಲದಕ್ಕ. ‘ಅದನ್ನ ನೀನು ಮೆಲ್ಲಗೇ ಹೇಳ್ಬೇಕು.’