ಮಹಾನಂದಾಳ ಉಬ್ಬಿದ ಒಸಡು

ತಂಬೂರಿನ ಅಂಗನವಾಡಿಯಲ್ಲಿ ಮಹಾನಂದಾ ಟೀಚರ್ ನಕ್ಕರೆ ರಸ್ತೆಯಾಚೆಯ ಹಿಟ್ಟಿನ ಗಿರಣಿಗೂ ಕೇಳಿಸುತ್ತಿತ್ತು. ಎರಡು ವರ್ಷದ ಹಿಂದೆ ಕಿಡ್ನಿ ಕೈಕೊಟ್ಟು, ತಮ್ಮ ಉಡಚಪ್ಪ ತನ್ನದೊಂದನ್ನು ಕೊಟ್ಟಾಗಲೂ ಆ ನಗೆ ಕುಗ್ಗಿರಲಿಲ್ಲ. ಕುಗ್ಗಿದ್ದು ಈ ವರ್ಷ. ಒಸಡು ಉಬ್ಬುತ್ತ ಉಬ್ಬುತ್ತ ಮುಂದಿನ ಹಲ್ಲುಗಳನ್ನು ಅರ್ಧಕ್ಕರ್ಧ ಮುಚ್ಚಿತು. ಒಣಗಿದ ಕಟಕ ರೊಟ್ಟಿ ಕಚ್ಚಿದರೆ ರಕ್ತ. “ಟೀಚರ್, ನಿಮ್ಮ ಹಲ್ಲ ಎಲ್ಲಿ ಹೋದುವ್ರಿ?” ಎಂದು ಒಂದು ಕೂಸು ಕೇಳಿದ ದಿನದಿಂದ ಅವಳು ಬಾಯಿಗೆ ಸೆರಗು ಹಿಡಿದೇ ಹಾಡು ಹೇಳಿಕೊಡತೊಡಗಿದಳು.

ಕಾರಣ ಕಂಡುಹಿಡಿದವಳು ಅವ್ವ ರೇವವ್ವ. “ಈ ಉಡಚಪ್ಪ ದಿನಾ ತಂಬಾಕ ತಿಂತಿದ್ದ. ಕಿಡ್ನಿ ಜೋಡಿ ತಂಬಾಕಿನ ಗುಣಾನೂ ಬಂದೈತಿ, ಮತ್ತೇನು!”

ಓಣಿಯ ಮಂದಿಗೂ ಅದು ಸರಿಯೆನಿಸಿತು. ಆಪರೇಶನ್ನಿಗೆಂದು ತಂಬಾಕು ಬಿಟ್ಟು, ಮತ್ತೆ ಗುಟ್ಟಾಗಿ ಶುರುಮಾಡಿದ್ದ ಉಡಚಪ್ಪ ಪೆಚ್ಚಾಗಿ ತಂಬಾಕಿನ ಚೀಟನ್ನು ಗಟಾರಕ್ಕೆಸೆದ. ಮಹಾನಂದಾಳ ಗುಮಾನಿ ಮಾತ್ರ ತನ್ನ ಮೇಲೆಯೇ. ಹಲ್ಲು ನೆಟ್ಟಗೆ ತಿಕ್ಕಿಲ್ಲವೆಂದು ದಿನಕ್ಕೆ ಐದು ಸಲ, ಬ್ರಶ್ಶಿನ ಎಳೆಗಳು ಕೆದರುವ ತನಕ ತಿಕ್ಕಿದಳು. ಒಸಡು ಇನ್ನಷ್ಟು ಕೆಂಪಾಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಿಂಗಳ ತಪಾಸಣೆಗೆ ಕೂತಾಗ ಪಕ್ಕದಲ್ಲಿ ಅಣ್ಣಿಗೇರಿಯ ಮುಮತಾಜ್ ಇದ್ದಳು. ಹೊಲಿಗೆ ಕೆಲಸದವಳು. ಅವಳಿಗೂ ಅದೇ ವರ್ಷ ಕಿಡ್ನಿ ಹಾಕಿದ್ದರು, ಅವವೇ ಗುಳಿಗೆ. ಹಲ್ಲು ಮಾತ್ರ ಥಳಥಳ.

“ನಾ ದಿನಕ್ಕ ಒಂದs ಸಲ ತಿಕ್ಕತೀನ್ರಿ ಅಕ್ಕಾ. ಅದೂ ಒಮ್ಮೊಮ್ಮೆ ಮರೀತೀನಿ” ಎಂದಳು.

ಮಹಾನಂದಾಳಿಗೆ ಮೈಯೆಲ್ಲ ಉರಿಯಿತು. “ಐದ ಸಲ ತಿಕ್ಕಿದ್ರೂ ನನಗs ಹಿಂಗ! ಸಾಕಾಗೈತಿ, ಈ ಗುಳಿಗಿನs ಬಿಟ್ಟಬಿಡತೀನಿ, ಆಗಿದ್ದಾಗ್ಲಿ!”

“ಹುಚ್ಚ ಹಿಡದೈತೇನ್ರಿ? ತಮ್ಮ ಕೊಟ್ಟ ಕಿಡ್ನಿ ಕಳಕೊಳ್ಳಾಕ? ಏಳ್ರಿ, ಹಲ್ಲಿನ ಡಾಕ್ಟರ ಕಡೆ ಹೋಗೂಣು.”

ಹಲ್ಲಿನ ಡಾಕ್ಟರ್ ಮೈತ್ರೇಯಿ ಬಾಯಿ ನೋಡಿ, ಗುಳಿಗೆಗಳ ಚೀಟಿ ಓದಿದರು. “ಇದು ಹೊಸಾ ಕಿಡ್ನಿ ಕಾಯೂ ಗುಳಿಗಿ ಮಾಡಿದ ಕೆಲಸಾರಿ.”

“ಇಕಿನೂ ಅದನs ತಗೋತಾಳಲ್ರಿ?”

“ಒಂದs ಮಳಿ ಬೀಳತೈತಿ. ಕರಿ ಮಣ್ಣಿನ ಎರಿ ಹೊಲ ಕೆಸರಾಗತೈತಿ, ಕೆಂಪ ಮಣ್ಣಿನ ಮಸಾರಿ ಹೊಲ ಇಂಗಿಸಿಕೋತೈತಿ. ಗುಳಿಗಿ ಒಂದs, ಮೈ ಬ್ಯಾರೆ. ಕೆಲವರಿಗಿ ಹುಟ್ಟಾ ಬಂದ ಗುಣಾರಿ, ತಾಯಿ-ತಂದಿ ಕಡಿಂದ ಬರೂವಂಥಾದ್ದು. ಯಾವ ಜೀನು ಅಂತ ಇನ್ನೂ ಹುಡಕಾಕತ್ತಾರ.”

“ತಮ್ಮನ ಕಿಡ್ನಿಯಿಂದ ಅಲ್ಲೇನ್ರಿ?”

“ಒಸಡು ನಿಮ್ಮದs ಐತಿ, ಅದಕ್ಕ ತಮ್ಮನ ಗುಣ ಹ್ಯಾಂಗ ಬಂದೀತು! ನಿಮ್ಮ ತಪ್ಪೂ ಅಲ್ಲ. ಆದ್ರ ಹಿಂಗ ಕೆಂಪಾಗೂವಂಗ ಗಸಗಸ ತಿಕ್ಕಬ್ಯಾಡ್ರಿ. ಮೆತ್ತಗ, ಎರಡ ಸಲ. ಹೊಲಸು ಕೂತ್ರ ಇನ್ನೂ ಬೆಳೀತೈತಿ.”

ಮಹಾನಂದಾ ಕುರ್ಚಿಯಲ್ಲೇ ಅತ್ತುಬಿಟ್ಟಳು. ಎಷ್ಟೋ ತಿಂಗಳಿಂದ ಹೊತ್ತಿದ್ದ ಭಾರ ಇಳಿದಂತಾಗಿತ್ತು.

ಮನೆಗೆ ಬಂದು ಎಲ್ಲ ಹೇಳಿದಾಗ ರೇವವ್ವ ಹುಬ್ಬು ಗಂಟಿಕ್ಕಿದಳು. “ಅಂದ್ರ, ಅದು ನನ್ನ ಕಡಿಂದ ಬಂತೇನ?”

“ನಿನ್ನ ಕಡಿಂದಾರ ಬಂದಿರಬೇಕು, ಅಪ್ಪನ ಕಡಿಂದಾರ.”

“ಅಗದಿ ನಿಮ್ಮಪ್ಪನ ಕಡಿಂದs!” ಎಂದು ಅವ್ವ ಕಣ್ಣು ಮಿಟುಕಿಸದೆ ತೀರ್ಪು ಕೊಟ್ಟಳು.

ಮೈತ್ರೇಯಿಯೂ ಕಿಡ್ನಿ ಡಾಕ್ಟರೂ ಮಾತಾಡಿಕೊಂಡು ಆ ಗುಳಿಗೆ ಬದಲಿಸಿದರು. ವಾರಕ್ಕೊಮ್ಮೆ ರಕ್ತ ತಪಾಸಣೆ. ಕಿಡ್ನಿ ತಕರಾರು ಮಾಡಲಿಲ್ಲ. ಮೂರ್ನಾಲ್ಕು ತಿಂಗಳಲ್ಲಿ ಉಬ್ಬು ಬಹುಪಾಲು ಇಳಿಯಿತು. ಉಳಿದದ್ದನ್ನು ಮೈತ್ರೇಯಿ ಕತ್ತರಿಸಿ ತೆಗೆದರು. ಎರಡು ದಿನ ಗಂಜಿ, ಮೂರನೆಯ ದಿನ ಮೆತ್ತನೆಯ ರೊಟ್ಟಿ.

ಆಮೇಲೊಂದು ದಿನ ಇಲಾಖೆಯ ಗುರುತಿನ ಚೀಟಿಗೆ ಫೋಟೋ ತೆಗೆಸಲು ಅವಳು ಕಲಘಟಗಿಗೆ ಹೋದಳು. ಸ್ಟುಡಿಯೋದವನು ಎರಡು ಸಲ ಹೇಳಿದ: “ಬಾಯಿ ಮುಚ್ರಿ ಅಕ್ಕಾರ, ಹಲ್ಲ ಕಾಣಾಕತ್ತಾವು.”

“ಕಾಣ್ಲಿ ಬಿಡ್ರಿ,” ಎಂದಳು ಮಹಾನಂದಾ, “ನೀವು ಫೋಟೋ ಹೊಡೀರಿ!”