ಅತ್ತೆಯ ಎದುರು ಕಾಲು ಚಾಚಿದ್ದು

ಮೊದಲು ಬಂದದ್ದು ತುರಿಕೆ. ಎಡಪಾದದ ಗಂಟಿನ ಒಳಬದಿಯಲ್ಲಿ. ಕಿರಿಯ ಮಗಳು ಹುಟ್ಟಿದ ಮೇಲೆ ಆ ಕಾಲು ಬಾತುಕೊಂಡು ಸಂಜೆಯ ಹೊತ್ತಿಗೆ ಎತ್ತಿಡಲಾರದಷ್ಟು ಭಾರವಾಗುತ್ತಿತ್ತು. ಬಾಣಂತಿಯ ಮೈ, ಇಳಿದೀತು ಎಂದುಕೊಂಡೆ. ಇಳಿಯಲಿಲ್ಲ. ಚರ್ಮ ಕಂದಿ ಕಾಫಿಪುಡಿಯ ಬಣ್ಣಕ್ಕೆ ತಿರುಗಿತು. ಒಂದು ದಿನ ನಮ್ಮ ಚಾಳಿನ ವಠಾರದ ನಲ್ಲಿಯ ಬಳಿ ಹಿತ್ತಾಳೆ ಕೊಡದ ಅಂಚು ತಾಗಿ ಅಲ್ಲೇ ಸಣ್ಣಗೆ ತರಚಿತು.

ಆ ತರಚುಗಾಯ ಮಾಯಲೇ ಇಲ್ಲ.

ಅರಿಶಿನ ಹಚ್ಚಿದೆ. ಬೇವಿನ ನೀರಿನಲ್ಲಿ ತೊಳೆದೆ. ಮಲಾಡ್ ಸ್ಟೇಷನ್ನಿನ ಬಳಿಯ ದವಾಖಾನೆಯಲ್ಲಿ ಹಳದಿ ಮುಲಾಮು ಕೊಟ್ಟರು. ಗಾಯ ಅಗಲವಾಗುತ್ತಲೇ ಹೋಯಿತು. ನೀರು ಸೋರಿ ಸೀರೆಯ ಅಂಚು ಅಂಟಿಕೊಳ್ಳುತ್ತಿತ್ತು. ವಾಸನೆ ನನಗೇ ಬರುತ್ತಿತ್ತು; ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಾಗಲೂ ಆ ಕಾಲನ್ನು ದೂರ ಸರಿಸಿ ಕೂರುತ್ತಿದ್ದೆ. ಕೊನೆಗೆ ಪಕ್ಕದ ಖೋಲಿಯ ಮಾಲತಿಬಾಯಿ ನಲ್ಲಿಯ ಕೆಳಗೆ ತನ್ನ ಕೊಡವನ್ನು ನನ್ನ ಕೊಡದಿಂದ ದೂರಕ್ಕೆ ಎಳೆದುಕೊಂಡಳು. ಹಿಂದೆ ಯಾರೋ ಪಿಸುಗುಟ್ಟಿದ್ದು ಮರಾಠಿ ಅಷ್ಟಾಗಿ ಬಾರದ ನನಗೂ ತಿಳಿಯಿತು.

ಕುಷ್ಠ.

ನನ್ನವರು ಮಿಲ್ಲಿನ ಆಫೀಸಿಗೆ ರಜೆ ಹಾಕಿ, ಲೋಕಲ್ ರೈಲಿನಲ್ಲಿ ನನ್ನನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರು ನನ್ನದೇ ವಯಸ್ಸಿನ ಮರಾಠಿ ಹೆಂಗಸು. ಗಾಯದ ಸುತ್ತ ಪಿನ್ನಿನ ತುದಿ ತಾಗಿಸಿ, ಚುಚ್ಚಿದ್ದು ತಿಳಿಯುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದರು.

“ಬಾಯಿ, ಚುಭ್ತಾ ಹೈ?”

“ಹಾಂ.”

“ಇಧರ್?”

“ಹಾಂ, ಹಾಂ!”

ಚುಚ್ಚಿದಾಗಲೆಲ್ಲ ನೋವಾಯಿತು. ಕುಷ್ಠವಾದರೆ ಚುಚ್ಚಿದ್ದೇ ತಿಳಿಯುವುದಿಲ್ಲ ಎಂದು ಕೇಳಿದ್ದೆ; ನೋವಾಗುತ್ತಿದೆಯಲ್ಲ ಎಂದು ಸಮಾಧಾನಕ್ಕೆ ಅಳು ಬಂತು.

ಇದು ಕುಷ್ಠವಲ್ಲ, ವೆರಿಕೋಸ್ ಅಲ್ಸರ್ ಎಂದರು. ಕಾಲಿನಿಂದ ಮೇಲಕ್ಕೆ ಹೋಗಬೇಕಾದ ರಕ್ತ ಕೆಳಗೇ ನಿಂತುಬಿಡುತ್ತದೆ, ಬಾತ ಚರ್ಮಕ್ಕೆ ಗಾಯ ಮಾಯಿಸುವ ಶಕ್ತಿ ಇರುವುದಿಲ್ಲ, ಯಾರಿಗೂ ಅಂಟುವುದಿಲ್ಲ. ಪಾದದ ಮೇಲೆ ನಾಡಿ ಹುಡುಕಿ ನೋಡಿ, ಬೆರಳುಗಳ ಬುಡದಿಂದ ಮೊಣಕಾಲಿನ ತನಕ ಬಿಗಿಯಾಗಿ ಬ್ಯಾಂಡೇಜ್ ಸುತ್ತಿದರು. ನಡೆಯಬೇಕು, ನಿಂತೇ ಇರಬಾರದು. ಹಗಲಿನಲ್ಲೂ ಆಗಾಗ ಮಲಗಿ ಕಾಲನ್ನು ಎದೆಗಿಂತ ಎತ್ತರದಲ್ಲಿ ಇಡಬೇಕು.

ಬ್ಯಾಂಡೇಜ್ ಸುತ್ತಿಕೊಳ್ಳಲು ಕಲಿತೆ. ಕಾಲು ಎತ್ತಿಡುವುದು ಆಗಲಿಲ್ಲ. ನಮ್ಮದು ಒಂದೇ ಕೋಣೆಯ ಖೋಲಿ. ಒಂದು ಗೋಡೆಗೆ ದೇವರು. ಎದುರಿನ ಗೋಡೆಗೆ ಒರಗಿ ಹಗಲೆಲ್ಲ ಅತ್ತೆ. ಬಾಗಿಲ ಕಡೆ ಚಾಚಿದರೆ ಗ್ಯಾಲರಿಯಲ್ಲಿ ಓಡಾಡುವವರ ಮುಖಕ್ಕೆ. ಧಾರವಾಡದ ತವರಿನಲ್ಲೂ ಹಿರಿಯರ ಮುಂದೆ ಕಾಲು ನೀಡಿ ಕೂತವಳಲ್ಲ ನಾನು. ಅತ್ತೆ ಏನೂ ಅಂದಿರಲಿಲ್ಲ. ಅನ್ನುವ ಅಗತ್ಯವೂ ಇರಲಿಲ್ಲ. ಅವರು ಭಜನೆಗೆ ಹೋದಾಗ ಮಾತ್ರ ಕಾಲೆತ್ತುತ್ತಿದ್ದೆ. ಮೆಟ್ಟಿಲ ಮೇಲೆ ಸಪ್ಪಳವಾದರೆ ಎದ್ದು ಕೂರುತ್ತಿದ್ದೆ.

ಗಾಯ ಇದ್ದ ಹಾಗೇ ಇತ್ತು.

ಮುಂದಿನ ಸಲ ನನ್ನವರಿಗೆ ರಜೆ ಸಿಗಲಿಲ್ಲ, ಅತ್ತೆ ಜೊತೆಗೆ ಬಂದರು. ಡಾಕ್ಟರು ಬ್ಯಾಂಡೇಜ್ ಬಿಚ್ಚಿ ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಉಳಿಯಿತು. ಅತ್ತೆಯ ಬೆರಳು ಹಿಡಿದು ಆ ಕುಳಿಯೊಳಗೆ ಇಡಿಸಿದರು. ಈ ನೀರು ಇಳಿಯದೆ ಗಾಯ ಮಾಯುವುದಿಲ್ಲ, ಇವಳು ಮಲಗಿ ಕಾಲು ಎತ್ತುತ್ತಾಳಾ ಎಂದು ಕೇಳಿದರು. ಅತ್ತೆ ನನ್ನತ್ತ ನೋಡಿದರು. ನಾನು ನೆಲ ನೋಡಿದೆ.

ಮನೆಗೆ ಬಂದವರೇ ಅತ್ತೆ ತಮ್ಮ ಹಾಸಿಗೆಯ ಸುರುಳಿಯನ್ನು ನನ್ನ ಕಾಲಿಡಲೆಂದು ಖೋಲಿಯ ನಡುವೆ ಇಟ್ಟರು.

“ಮಲಕ್ಕೊ.”

“ಅತ್ತೀ, ನಿಮ್ಮ ಎದುರಿಗೆ...”

“ನಾ ಏನ್ ಹುಲಿಯೇನು? ಮಲಕ್ಕೊ ಅಂದೆ.”

ಬಗ್ಗಿ ಎರಡೂ ಕೈಯಿಂದ ನನ್ನ ಕಾಲು ಹಿಡಿದರು. ನಾನು ಹಿಂದಕ್ಕೆ ಎಳೆದುಕೊಂಡೆ.

“ಮುಟ್ಟಬ್ಯಾಡ್ರಿ. ನನಗ ಪಾಪ ಬರತೈತಿ.”

“ಬಂದ್ರ ಬರಲಿ, ಇಬ್ಬರೂ ಹಂಚ್ಕೊಳ್ಳೋಣು. ಕಾಲು ಕೊಡು.”

ಕಾಲು ಕೊಟ್ಟೆ. ಅದೇ ಹೊತ್ತಿಗೆ ಮಾಲತಿಬಾಯಿ ಬಾಗಿಲ ಮುಂದೆ ಹಾದುಹೋಗುತ್ತಿದ್ದಳು. ಅತ್ತೆ ನನ್ನ ಪಾದ ಬಿಡದೆ ತಮ್ಮ ಹರಕು ಮರಾಠಿಯಲ್ಲಿ ಕೂಗಿದರು: “ಬಘಾ ಬಾಯಿ, ಮೀ ಹಾತ್ ಲಾವಲಾ! ಮಲಾ ಕಾಯ್ ಝಾಲಂ?” ನಾನು ಮುಟ್ಟಿದ್ದೇನೆ, ನನಗೇನಾಯಿತು ಎಂದು ಕೇಳುತ್ತಿದ್ದರು. ಮಾಲತಿಬಾಯಿ ಹೊಸ್ತಿಲಲ್ಲೇ ನಿಂತಳು. ಆಮೇಲೆ ಮೆಲ್ಲಗೆ ಒಳಗೆ ಬಂದು ಅತ್ತೆಯ ಪಕ್ಕ ಕೂತಳು.

ಅಂದಿನಿಂದ ಖೋಲಿಯಲ್ಲಿ ಯಾರಿದ್ದರೂ ನನ್ನ ಕಾಲು ಮೇಲೆಯೇ. ಅತ್ತೆ ರೊಟ್ಟಿ ಬಡಿಯುವರು, ನಾನು ಮಲಗಿದಲ್ಲೇ ಸೊಪ್ಪು ಬಿಡಿಸುವೆ. ಬಾವು ಇಳಿಯಿತು. ಅಂಚಿನಿಂದ ಗುಲಾಬಿ ಚರ್ಮ ಮೆಲ್ಲಮೆಲ್ಲಗೆ ಒಳಕ್ಕೆ ಹಬ್ಬಿ, ಮಳೆಗಾಲ ಮುಗಿಯುವ ಹೊತ್ತಿಗೆ ಗಾಯ ಮುಚ್ಚಿತು. ಹೊಸ ಚರ್ಮ ಈರುಳ್ಳಿ ಪೊರೆಯಷ್ಟು ತೆಳು. ಮತ್ತೆ ಬಿರಿಯಬಹುದು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಬೆಳಿಗ್ಗೆ ಹಾಸಿಗೆ ಬಿಟ್ಟೇಳುವ ಮೊದಲೇ ಬ್ಯಾಂಡೇಜ್ ಸುತ್ತುತ್ತೇನೆ. ತುರಿಸಿದರೂ ಉಗುರು ತಾಗಿಸುವುದಿಲ್ಲ. ಎರಡೂ ಪಾದಗಳನ್ನು ದಿನವೂ ನೋಡಿಕೊಳ್ಳುತ್ತೇನೆ, ಹುಷಾರಾದೆ ಎಂದು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ.

ಇವತ್ತು ಮಧ್ಯಾಹ್ನ ನಾನು ಮಲಗಿದ್ದಾಗ ಅತ್ತೆ ಪಕ್ಕಕ್ಕೆ ಬಂದು ಕೂತರು. ಬಾಗಿಲ ಕಡೆ ಒಮ್ಮೆ ನೋಡಿ, ತಮ್ಮ ಸೀರೆಯನ್ನು ತುಸು ಮೇಲೆ ಸರಿಸಿದರು. ಪಾದದ ಗಂಟು ಬಾತಿತ್ತು. ಒಳಬದಿಯಲ್ಲಿ ಕಂದು ಬಣ್ಣ, ಉಗುರಿನ ಗೀರುಗಳು.

“ಭಾಳ ವರ್ಷದಿಂದ ತುರಸ್ತೈತಿ,” ಎಂದರು. “ಯಾರ ಮುಂದ ಹೇಳೂದು ಅಂತ ಸುಮ್ಮನಿದ್ದೆ.”

ಗಾಯ ಆಗಿರಲಿಲ್ಲ. ಇನ್ನೂ ಆಗಿರಲಿಲ್ಲ. ನಾನು ಸರಿದು ಜಾಗ ಮಾಡಿದೆ. ಹಿಂದೆ ಮುಂದೆ ನೋಡಿ, ಕೊನೆಗೆ ಅವರೂ ನನ್ನ ಪಕ್ಕ ಮಲಗಿ ಕಾಲು ಮೇಲಿಟ್ಟರು.

ನಾಳೆ ಇಬ್ಬರೂ ಆಸ್ಪತ್ರೆಗೆ ಹೋಗುತ್ತೇವೆ. ಈ ಸಲ ಪೇಷಂಟ್ ಅವರು.