ಅರ್ಧ ಗಂಟೆ ಮುಂದಿದ್ದ ಗಡಿಯಾರ

ಕೂಡಿಗೆಯ ಟ್ಯಾಕ್ಸಿ ಸತೀಶನ ಮನೆಯಲ್ಲಿ ಗಡಿಯಾರ ಯಾವತ್ತೂ ಅರ್ಧ ಗಂಟೆ ಮುಂದೆ. ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ ಅಪ್ಪ ತಿಮ್ಮಯ್ಯ, ಒಮ್ಮೆ ಮೈಸೂರು ಬಸ್ಸು ತಪ್ಪಿದ ಸಿಟ್ಟಿಗೆ ಮುಳ್ಳನ್ನು ಮುಂದಕ್ಕೆ ತಿರುಗಿಸಿದ್ದು. ಅಪ್ಪ ಹೋದ ಮೇಲೂ ಮುಳ್ಳು ಹಿಂದಕ್ಕೆ ಬರಲಿಲ್ಲ. ಹಾಗಂತ ಆ ಮನೆಯಲ್ಲಿ ಯಾರಾದರೂ ಬೇಗ ಹೊರಟರೇ ಎಂದರೆ ಅದೂ ಇಲ್ಲ. ಗಡಿಯಾರ ಎಂಟು ತೋರಿಸಿದರೆ ಎಲ್ಲರೂ ಮನಸ್ಸಿನಲ್ಲೇ ಅರ್ಧ ಗಂಟೆ ಕಳೆದು ಇನ್ನೊಂದು ಲೋಟ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಸತೀಶ ಕಾರು ಕೊಂಡಾಗ ಅದರ ಗಡಿಯಾರಕ್ಕೂ ಇದೇ ಶಾಸ್ತ್ರ ಮಾಡಿದ. ಇಪ್ಪತ್ತು ವರ್ಷ ಓಡಿಸಿದ್ದರಲ್ಲಿ ಒಂದು ದಿನವೂ ಅದರಿಂದ ತೊಂದರೆಯಾಗಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಗಾಳಿಬೀಡಿನ ಮಧುಸೂದನ ಭಟ್ಟರು ಅವನಿಗೊಂದು ಬಾಡಿಗೆ ಹೇಳಿದರು. ಅವರ ಚಿಕ್ಕಮ್ಮ ಪದ್ಮಾಕ್ಷಿ, ಮಡಿಕೇರಿಯಲ್ಲಿ ಟೀಚರಾಗಿದ್ದವರು, ಗಂಡನ ಜೊತೆ ಸಿಂಗಾಪುರದಿಂದ ಹಡಗಿನಲ್ಲಿ ಪ್ರವಾಸ ಬರುತ್ತಿದ್ದರು. ಹಡಗು ಮಂಗಳೂರಿನಲ್ಲಿ ಒಂದು ಹಗಲು ನಿಲ್ಲುತ್ತದೆ. ಅಷ್ಟರಲ್ಲಿ ಅವರು ಗಾಳಿಬೀಡಿಗೆ ಬಂದು, ಹಾಸಿಗೆ ಹಿಡಿದ ಅಕ್ಕನನ್ನು ನೋಡಿ ಹಿಂತಿರುಗಬೇಕು. ಗಂಡ ತಿರುಮಲೇಶ್ವರರಿಗೆ ಎರಡು ಕಣ್ಣೂ ಹೆಚ್ಚುಕಡಿಮೆ ಹೋಗಿವೆ, ಘಾಟಿಯ ತಿರುವಿಗೆ ವಾಂತಿ ಬೇರೆ. ಅವರು ಹಡಗಿನಲ್ಲೇ ಉಳಿಯುವುದೆಂದಾಯಿತು.

ಬೆಳಿಗ್ಗೆ ಬಂದರಿನ ಗೇಟಿನ ಬಳಿ ಪದ್ಮಾಕ್ಷಿ ಕಾರು ಹತ್ತಿದರು. ತಮ್ಮ ಫೋನನ್ನು ಗಂಡನ ಕೈಯಲ್ಲಿಟ್ಟು, ಒಂದೇ ಗುಂಡಿಗೆ ಸತೀಶನ ನಂಬರು ಹಾಕಿಕೊಟ್ಟು ಬಂದಿದ್ದರು.

"ಐದೂವರೆ ಒಳಗೆ ಹಡಗಲ್ಲಿರಬೇಕು ಸತೀಶ್. ಹಡಗಿನವ್ರದ್ದೇ ಬಸ್ಸಲ್ಲಿ ಹೋದವ್ರಿಗಾದ್ರೆ ಕಾಯ್ತಾರಂತೆ. ನಮ್ಮ ಹಾಗೆ ಸ್ವಂತ ಹೋದವ್ರಿಗೆ ಕಾಯಲ್ಲ."

"ನೀವು ಯೋಚ್ನೆ ಮಾಡ್ಬೇಡಿ ಮೇಡಂ."

ಅವರು ತಮ್ಮ ವಾಚು ನೋಡಿದರು, ಕಾರಿನ ಗಡಿಯಾರ ನೋಡಿದರು, ಸಮಾಧಾನವಾಗಿ ಒರಗಿದರು. ಸತೀಶನೂ ಕನ್ನಡಿಯಲ್ಲಿ ಅದನ್ನು ಕಂಡ. ಅವರ ವಾಚೂ ಸರಿಯಾಗಿ ಅರ್ಧ ಗಂಟೆ ಮುಂದಿತ್ತು. ಇವರೂ ನಮ್ಮ ಹಾಗೇ ಎಂದುಕೊಂಡು ಒಳಗೊಳಗೇ ನಕ್ಕ. ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ.

ಗಾಳಿಬೀಡಿನಲ್ಲಿ ಅಕ್ಕ ತಂಗಿ ಕೈ ಹಿಡಿದುಕೊಂಡು ಕೂತವರು ಏಳಲೇ ಇಲ್ಲ. ವಾಚು ಒಂದು ತೋರಿಸಿದಾಗ ಪದ್ಮಾಕ್ಷಿಯೇ ಹೊರಡೋಣವೇ ಎಂದು ಜಗಲಿಗೆ ಬಂದರು. ಸತೀಶ ಎಂದಿನಂತೆ ಅರ್ಧ ಗಂಟೆ ಕಳೆದ.

"ಇನ್ನೂ ಟೈಮಿದೆ ಮೇಡಂ. ಅವ್ರ ಜೊತೆ ಕೂತು ಊಟ ಮಾಡ್ಕೊಂಡೇ ಬನ್ನಿ."

ಹೊರಟಾಗ ಅರ್ಧ ಗಂಟೆ ತಡವಾಗಿತ್ತು. ಸಂಪಾಜೆ ಘಾಟಿಯಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಸುಳ್ಯ ಹತ್ತಿರ ಬಂದಾಗ ಅದು ಬಡಿದುಕೊಳ್ಳತೊಡಗಿತು. ಸತೀಶ ಸ್ಪೀಕರಿಗೆ ಹಾಕಿದ.

"ಎಲ್ಲಿದೀಯೇ?" ತಿರುಮಲೇಶ್ವರರ ದನಿ ಒಣಗಿತ್ತು. "ಆಗ್ಲಿಂದ ಮಾಡ್ತಾ ಇದೀನಿ. ಮೈಕಲ್ಲಿ ಹೇಳ್ತಾ ಇದಾರೆ, ಹಡಗಿನ ಟೈಮು ಊರಿನ ಟೈಮಿಗಿಂತ ಅರ್ಧ ಗಂಟೆ ಮುಂದಂತೆ. ಐದೂವರೆ ಅಂದ್ರೆ ಇಲ್ಲಿಯವ್ರಿಗೆ ಐದೇ."

ಸತೀಶ ಕಾರಿನ ಗಡಿಯಾರ ನೋಡಿದ. ಐದು. ಅವನು ಲೆಕ್ಕ ಹಾಕಿದ್ದು ಊರಿನ ಟೈಮಿನ ಐದೂವರೆಗೆ; ಅವರ ವಾಚು ತೋರಿಸುತ್ತಿದ್ದುದು ಹಡಗಿನ ಟೈಮು.

"ಹೊರಗೆ ಹೋದ್ರೆ ಟೈಮು ನೋಡ್ಕೊಳ್ಳಿ ಅಂತ ಮೊದ್ಲೇ ಹೇಳಿದ್ರು," ಪದ್ಮಾಕ್ಷಿ ಮೆಲ್ಲಗೆ ಹೇಳಿದರು. "ಬೆಳಿಗ್ಗೆ ನಿಮ್ಮ ಕಾರಿನ ಗಡಿಯಾರ ನೋಡಿದೆ. ನನ್ನ ವಾಚಿಗೆ ಸರಿ ಇತ್ತು. ವ್ಯತ್ಯಾಸ ಇಲ್ಲ ಅಂದ್ಕೊಂಡೆ."

ತನ್ನ ಗಡಿಯಾರ ಸುಳ್ಳು ಎಂದು ಆಗ ಅವನು ಹೇಳಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು.

"ಮುಂದೆ ಮುಂಬೈ," ಎಂದರಷ್ಟೆ. "ಅಲ್ಲಿವರೆಗೂ ಅವ್ರೊಬ್ರೇ. ಬಚ್ಚಲಿಗೆ ಹೋಗೋಕೂ ನನ್ನ ಮೊಣಕೈ ಬೇಕು ಅವ್ರಿಗೆ."

ಆಮೇಲಿನ ದಾರಿಯನ್ನು ಸತೀಶ ಭಯದಲ್ಲೇ ಓಡಿಸಿದ. ವೇಗವಾಗಿ ಹೋಗಲು ಭಯ, ನಿಧಾನ ಮಾಡಲೂ ಭಯ. ಪುತ್ತೂರಿನಲ್ಲಿ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಿದ್ದರು. ಬ್ರೇಕ್ ಒತ್ತಿ, ಕೊನೆಯ ಮಗು ದಾಟುವವರೆಗೂ ಕಾದ. ಬಿ.ಸಿ. ರೋಡಿನಲ್ಲಿ ರಸ್ತೆ ಅಗೆದಿದ್ದರು. ಲಾರಿಗಳ ಸಾಲಿನ ಹಿಂದೆ ಕಾರು ನಿಂತಾಗ, ಕಣ್ಣು ಕಾಣದ ಮನುಷ್ಯನೊಬ್ಬ ಗೋಡೆ ತಡವುತ್ತಾ ಹೆಂಡತಿಯನ್ನು ಕೂಗುವುದು ಅವನ ಕಣ್ಣಿಗೆ ಕಟ್ಟಿತು. ಕಾವೇರಮ್ಮನಿಗೆ ಹರಕೆ ಹೊತ್ತ. ಹಿಂದಿನ ಸೀಟಿನಲ್ಲಿ ಪದ್ಮಾಕ್ಷಿ ಅವನ ಫೋನು ಇಸಿದುಕೊಂಡು ಕಿವಿಗಿಟ್ಟೇ ಕೂತಿದ್ದರು. ಆ ಕಡೆಯಿಂದ ಯಾರೂ ಎತ್ತುತ್ತಿರಲಿಲ್ಲ.

"ಎತ್ತುತಾ ಇಲ್ಲ ಸತೀಶ್. ನನ್ನನ್ನ ಹುಡುಕ್ಕೊಂಡು ಹೊರಟುಬಿಟ್ರೇನೋ. ನೀರಿನ ಹತ್ತಿರ ಏನಾದ್ರೂ ಹೋಗಿದ್ರೆ?"

ಆ ಯೋಚನೆ ಅವನಿಗೂ ಆಗಲೇ ಬಂದಿತ್ತು.

ಪಣಂಬೂರಿನ ಬಂದರಿನ ಗೇಟು ತಲುಪಿದಾಗ ಊರಿನ ಟೈಮೇ ಐದು ದಾಟಿತ್ತು. ಬಾಡಿಗೆ ಕಾರನ್ನು ಒಳಗೆ ಬಿಡುವುದಿಲ್ಲ. ಹಡಗಿನ ಕಡೆಗೆ ಹೋಗುವ ಕೊನೆಯ ಬಸ್ಸು ಹೊರಡುವುದರಲ್ಲಿತ್ತು. ಪದ್ಮಾಕ್ಷಿ ಫೋನನ್ನು ಅವನ ಕೈಗೆ ಕೊಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಓಡಿದರು. ಬಸ್ಸು ಅವರನ್ನು ಹತ್ತಿಸಿಕೊಂಡು ಗೋದಾಮುಗಳ ಹಿಂದೆ ಮರೆಯಾಯಿತು.

ಸತೀಶ ಗೇಟಿನ ಕಂಬಿ ಹಿಡಿದು ನಿಂತ. ಹಡಗಿನ ಮೇಲ್ಭಾಗ ಮಾತ್ರ ಕಾಣುತ್ತಿತ್ತು. ಅದು ಒಮ್ಮೆ ದೀರ್ಘವಾಗಿ ಕೂಗಿತು. ಅವರು ಹತ್ತಿದರೇ ಎಂದು ಕಾವಲಿನವನನ್ನು ಕೇಳಿದರೆ ತನಗೆ ಗೊತ್ತಿಲ್ಲ ಎಂದ.

ಫೋನು ಬಡಿಯಿತು. ಎತ್ತಲು ಹೆದರಿ ಅದನ್ನೇ ನೋಡುತ್ತಾ ನಿಂತ. ಕೊನೆಗೆ ಎತ್ತಿದ.

"ಸತೀಶ್, ಬಂದ್ಲಪ್ಪ ಇವ್ಳು," ಎಂದರು ತಿರುಮಲೇಶ್ವರರು.

"ನೀವು ಫೋನ್ ಎತ್ತಲಿಲ್ಲ ಸಾರ್. ರೂಮಲ್ಲಿರ್ಲಿಲ್ವಾ?"

"ಇಲ್ಲ. ಯಾರ್ದೋ ಕೈ ಹಿಡ್ಕೊಂಡು ಕೆಳಗಿಳಿದುಬಿಟ್ಟಿದ್ದೆ. ಫೋನು ಮಂಚದ ಮೇಲೇ ಉಳೀತು. ಏಣಿ ಎತ್ಬೇಕು, ಹತ್ತಿ ಹತ್ತಿ ಅಂದ್ರು ಹಡಗಿನವ್ರು. ಅವ್ಳು ಬರ್ದೆ ಹತ್ತಲ್ಲ ಅಂತ ಏಣಿ ಕಂಬಿ ತಬ್ಬಿಕೊಂಡುಬಿಟ್ಟೆ. ಬಿಡಿಸೋಕೆ ನೋಡಿದ್ರು, ಆಗ್ಲಿಲ್ಲ. ಅಷ್ಟರಲ್ಲಿ ಬಸ್ ಬಂತು."

"ಭಯ ಆಗ್ಲಿಲ್ವಾ ಸಾರ್?"

"ಆಯ್ತಪ್ಪ. ಅದಕ್ಕೇ ಬಿಡ್ಲಿಲ್ಲ."

ಹಡಗು ಕಡಲಿಗಿಳಿಯುವವರೆಗೂ ಸತೀಶ ಅಲ್ಲೇ ನಿಂತಿದ್ದ. ಆಮೇಲೆ ಕಾರಿನಲ್ಲಿ ಕೂತು ಗಡಿಯಾರ ಸರಿ ಮಾಡಿದ.

ಕೂಡಿಗೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ ಸ್ಟೂಲು ಎಳೆದು, ಗೋಡೆ ಗಡಿಯಾರವನ್ನು ಕೆಳಗಿಳಿಸಿದ. ಅವನ ತಾಯಿ ಲಿಂಗಮ್ಮ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು.

"ನಿಮ್ಮಪ್ಪ ಇಟ್ಟಿದ್ದು ಕಣೋ ಅದು. ಈಗ ಯಾಕೆ ತಿರುಗಿಸ್ತೀಯ?"

"ಅಲ್ಲೊಬ್ರು ಕಾಯ್ತಾ ನಿಂತಿದ್ರು ಅವ್ವ," ಎಂದ ಸತೀಶ. ಗಡಿಯಾರವನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೇ ಕೂತುಬಿಟ್ಟ.